ಒಂದೂ ಬಿಡೂದಿಲ್ಲ

ನಮ್ಮ ಆಸ್ಪತ್ರೆಯಲ್ಲಿ ವಿಷ ಏರಿದ ರೋಗಿಯೊಬ್ಬ ಹಗ್ಗ ಹರಿದುಕೊಂಡು ಎದ್ದ, ಮೂವರನ್ನು ಹೊಡೆದ, ಸಿಸ್ಟರ ಕೈ ಮುರಿದ ಎಂಬ ಕಥೆಯನ್ನು ಮಂಗಸೂಳಿಯಿಂದ ಕಾಗವಾಡದವರೆಗೆ ಕೆಲವರು ಇಂದಿಗೂ ಹೇಳುತ್ತಾರೆ. ಕಳೆದ ವರ್ಷ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವನೊಬ್ಬ ಅದನ್ನು ನನಗೇ ಹೇಳಿದ. ಅವನ ಬಾಯಲ್ಲಿ ಪೆಟ್ಟು ತಿಂದವರು ಐವರಾಗಿದ್ದರು. ನಾನು ಆ ಕೋಣೆಯಲ್ಲಿದ್ದೆ. ಅಲ್ಲಿ ಹಗ್ಗವಿರಲಿಲ್ಲ, ಹರಿದದ್ದೂ ಏನಿಲ್ಲ. ಪೆಟ್ಟು ಬಿದ್ದದ್ದು ನಿಜ, ಒಂದೇ ಒಂದು. ಅದರ ಸಂಗತಿ ಕಥೆ ಹೇಳುವವರಿಗೆ ಗೊತ್ತಿಲ್ಲ.

ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ಮೂವತ್ತು ಹಾಸಿಗೆಯ ಧರ್ಮಾರ್ಥ ಆಸ್ಪತ್ರೆಯಲ್ಲಿ ನಾನು ಡ್ರೆಸ್ಸರ್ ಆಗಿದ್ದೆ. ಗಾಯ ತೊಳೆದು ಪಟ್ಟಿ ಕಟ್ಟುವುದು ನನ್ನ ಕೆಲಸ. ಜನ ಕಂಪೌಂಡರ್ ಎನ್ನುತ್ತಿದ್ದರು. ಡಾಕ್ಟರು ಒಬ್ಬರೇ, ಹಗಲಿಗೆ ಸಿಸ್ಟರೂ ಒಬ್ಬರೇ. ದ್ರಾಕ್ಷಿ ಬಳ್ಳಿಗಳನ್ನು ಸವರುವ ಚಾಟಣಿ ಮುಗಿದು, ಹೊಸ ಚಿಗುರನ್ನು ತಂತಿಗೆ ಬಗ್ಗಿಸಿ ಕಟ್ಟಿ, ಅದಕ್ಕೆ ಹುಳದ ಔಷಧ ಹೊಡೆಯುವ ದಿನಗಳು. ಬೆನ್ನಿಗೆ ಹೊತ್ತ ಪಂಪಿನಿಂದ ಔಷಧ ಸೋರಿ ಅಂಗಿ ತೊಯ್ದರೂ ಗಾಳಿಗೆ ಎದುರಾಗಿ ಹೊಡೆಯುತ್ತಲೇ ಹೋದ ಮೂವತ್ತೈದರ ರೈತನೊಬ್ಬನನ್ನು ಒಂದು ಮಧ್ಯಾಹ್ನ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದರು. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಎದೆಯೊಳಗೆ ಹುಕ್ಕಾದ ಹಾಗೆ ಗುಳುಗುಳು ಸದ್ದು. ಕಣ್ಣಿನ ಪಾಪೆ ಸಾಸಿವೆಗಿಂತ ಚಿಕ್ಕದಾಗಿತ್ತು.

ಆ ವಿಷ ಮನುಷ್ಯನನ್ನು ಅವನ ನೀರಿನಲ್ಲಿಯೇ ಮುಳುಗಿಸುತ್ತದೆ. ಅದಕ್ಕೆ ಕೊಡುವ ಅಟ್ರೋಪಿನ್ ಆ ನೀರನ್ನು ಒಣಗಿಸುತ್ತದೆ. ಎಷ್ಟು ಕೊಡಬೇಕೆಂಬುದನ್ನು ರೋಗಿಯ ಮೈಯೇ ಹೇಳಬೇಕು: ಪಾಪೆ ಅಗಲವಾಗಿದೆಯೆ, ಬೆವರು ನಿಂತಿದೆಯೆ, ನಾಡಿ ಏರಿದೆಯೆ. ಡಾಕ್ಟರು ಅಂದು ಅವನ ಮೈಯನ್ನು ಸಾಬೂನಿನಿಂದ ತೊಳೆಸಿ, ತಾವೇ ಪಕ್ಕದಲ್ಲಿ ಕುಳಿತು ಈ ಮೂರನ್ನೂ ನೋಡುತ್ತ ಸೂಜಿ ಕೊಟ್ಟರು. ಬೆಳಗಾಗುವ ಹೊತ್ತಿಗೆ ಅವನು ಹೆಂಡತಿಯ ಗುರುತು ಹಿಡಿದು ನೀರು ಕೇಳಿದ.

ಆ ದಿನವೇ ಹಳೆಯ ಹೊಡೆದಾಟವೊಂದರ ಸಾಕ್ಷಿಗಾಗಿ ಡಾಕ್ಟರಿಗೆ ಚಿಕ್ಕೋಡಿ ಕೋರ್ಟಿನ ಸಮನ್ಸ್ ಇತ್ತು. ಹೋಗದೆ ವಿಧಿಯಿರಲಿಲ್ಲ. ರೂಲು ಹಾಕಿದ ಹಾಳೆಯಲ್ಲಿ ಹೊತ್ತು, ಪಾಪೆ, ಬೆವರು, ನಾಡಿ, ಸೂಜಿ ಎಂದು ಐದು ಅಂಕಣ ಮಾಡಿ ಸಿಸ್ಟರ ಟೇಬಲಿನ ಮೇಲಿಟ್ಟರು.

"ಕಾಲ ತಾಸಿಗೊಮ್ಮೆ ಎರಡೆರಡು ಆಂಪೂಲ್. ಮೊದಲ ನೋಡ್ರಿ, ಆಮ್ಯಾಲ ಕೊಡ್ರಿ," ಎಂದರು. "ನಾಕರ ಬಸ್ಸಿಗೆ ಬರ್ತೇನಿ."

"ನಾವ ಇರ್ತೀವಿ, ಸಾಹೇಬ್ರ. ಕಾಳಜಿ ಮಾಡಬ್ಯಾಡ್ರಿ," ಎಂದೆ. ಇಂಗ್ಲಿಷ್ ವೈದ್ಯಗ್ರಂಥವೊಂದನ್ನು ಪದಕೋಶ ಇಟ್ಟುಕೊಂಡು ಒಂದೂವರೆ ಸಲ ಓದಿದ್ದ ನನಗೆ ಆಗ ಅಷ್ಟು ಧೈರ್ಯವಿತ್ತು.

ಒಂಬತ್ತು ಗಂಟೆಯ ಹೊತ್ತಿಗೆ ರೋಗಿ ಚಾದರದ ಎಳೆ ಕೀಳತೊಡಗಿದ. ಆಮೇಲೆ ಗಾಳಿಯಲ್ಲಿ ಏನನ್ನೋ ಹಿಡಿಯುವುದು, ಬಗ್ಗಿಸುವುದು, ಬೆರಳಿನಿಂದ ಸುತ್ತುವುದು. ಮುಖ ಕೆಂಪಾಗಿತ್ತು. ಸಿಸ್ಟರು ಪಾಪೆ ನೋಡಲು ಟಾರ್ಚ್ ಹಿಡಿದಾಗ ಅದನ್ನು ಕಸಿದು ಗೋಡೆಗೆ ಎಸೆದ. ಗಾಜು ಒಡೆದು ನನ್ನ ಕಾಲ ಬಳಿ ಬಿತ್ತು. ಅವನು ಎದ್ದು ಕುಳಿತು ಕೂಗಿದ:

"ಹೊಡೀತೇನಿ! ಇವತ್ತ ಎಲ್ಲಾ ಹೊಡದ ಮುಗಸ್ತೇನಿ! ಒಂದೂ ಬಿಡೂದಿಲ್ಲ!"

ಸಿಸ್ಟರು ರಾಯಬಾಗದ ಕಡೆಯವರು, ನನಗಿಂತ ಹದಿನೈದು ವರ್ಷ ಚಿಕ್ಕವರು, ಹೆದರುವ ಸ್ವಭಾವದವರಲ್ಲ. ಆದರೂ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಅವರಿಗಿಂತ ಹಿಂದಿದ್ದೆ.

"ಕಾಕಾ, ಕೈ ಕಟ್ಟೋಣೇನ್ರಿ?"

"ಕಟ್ಟೂದ," ಎಂದೆ.

ಅಗಲವಾದ ಬ್ಯಾಂಡೇಜಿನಿಂದ ಅವನ ಎರಡೂ ಕೈಗಳನ್ನು ಮಂಚದ ಸರಳಿಗೆ ಕಟ್ಟಿದೆ. ಹೆಂಡತಿಯನ್ನು ಹೊರಗೆ ವರಾಂಡಕ್ಕೆ ಕಳಿಸಿದೆವು. ಸಂಬಂಧಿಕರು ಹತ್ತಿರವಿದ್ದರೆ ಇಂಥವರು ಇನ್ನೂ ಕೆರಳುತ್ತಾರೆ ಎಂಬುದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳುವ ಮಾತಾಗಿತ್ತು. ಯಾರೂ ಪರೀಕ್ಷಿಸಿರಲಿಲ್ಲ. ಸಲೈನಿನ ನಳಿಕೆ ಉದ್ದವಾಗಿತ್ತು. ಅವನ ತಲೆಯ ಹಿಂದೆ, ಬಾಟಲಿಯ ಹತ್ತಿರ ನಿಂತು ನಳಿಕೆಯ ರಬ್ಬರಿಗೆ ಸೂಜಿ ಚುಚ್ಚಿದರೆ ಅವನ ಮುಖದ ಎದುರಿಗೆ ಹೋಗುವ ಪ್ರಮೇಯವೇ ಇರಲಿಲ್ಲ. ಹಾಗೆಯೇ ಕೊಟ್ಟೆವು. ಆಂಪೂಲಿನ ಗಾಜಿನ ಕುತ್ತಿಗೆ ಮುರಿಯುವಾಗ ನನ್ನ ಹೆಬ್ಬೆರಳು ಕೊಯ್ದಿತು. ಬಾಗಿಲಿನಿಂದ ಮಂಚಕ್ಕೆ ಏಳು ಹೆಜ್ಜೆ ಎಂಬುದನ್ನು ನಾನು ಎಣಿಸಿದ್ದು ಆಗಲೇ.

ಕಾಲು ತಾಸಿಗೊಮ್ಮೆ ಹಾಳೆ ತುಂಬಿತು. ಅವನ ಕೂಗು ಮಾತ್ರ ಪ್ರತಿ ಸೂಜಿಯ ನಂತರ ಹೆಚ್ಚುತ್ತಲೇ ಹೋಯಿತು.

ಹನ್ನೊಂದರ ಸೂಜಿಗೆ ಸಿಸ್ಟರು ಒಳಗೆ ಹೋದರು, ನಾನು ಬಾಗಿಲಲ್ಲಿದ್ದೆ. ಅವನು ಮಂಚದ ಮೇಲೆ ನೆಟ್ಟಗೆ ನಿಂತಿದ್ದ. ಎರಡೂ ಕೈ ಬಿಡುಗಡೆಯಾಗಿದ್ದವು. ಸಲೈನ್ ಸೂಜಿ ಕಿತ್ತು ಬಂದು ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಸಿಸ್ಟರು ತಿರುಗುವುದರೊಳಗೆ ಅವರ ಬಲ ಮಣಿಕಟ್ಟನ್ನು ಹಿಡಿದು ಮೇಲಕ್ಕೆಳೆದು, ಸೊಳ್ಳೆಪರದೆಯ ಕಬ್ಬಿಣದ ಸರಳಿನ ಕಡೆಗೆ ಬಗ್ಗಿಸತೊಡಗಿದ. ಅವರು ಕಿರುಚಲಿಲ್ಲ. "ಕಾಕಾ, ಕಾಕಾ" ಎಂದು ಸಣ್ಣ ದನಿಯಲ್ಲಿ ಕರೆದರು. ಕಟ್ ಎಂದು ಒಂದು ಸದ್ದಾಯಿತು. ಮೂಲೆಯಲ್ಲಿ ಮುರಿದ ಕಾಲಿಗೆ ಕಟ್ಟುವ ಮರದ ಪಟ್ಟಿ ಒರಗಿಸಿಟ್ಟಿತ್ತು. ಅದನ್ನೆತ್ತಿ ಅವನ ಭುಜದ ಮೇಲೆ ಬಾರಿಸಿದೆ. ಬಿಡಿಸಲು ಬೇಕಾದುದಕ್ಕಿಂತ ಜೋರಾಗಿ ಬಾರಿಸಿದೆ ಎಂಬುದು ನನ್ನ ಅಂಗೈಗೆ ಆಗಲೇ ತಿಳಿಯಿತು. ಅವನು ಕೈ ಬಿಟ್ಟು ಕುಸಿದು ಕುಳಿತ. ಸಿಸ್ಟರನ್ನು ಹೊರಗೆಳೆದು ಚಿಲಕ ಹಾಕಿದೆ.

ಅವರ ಕೈಗೆ ಪಟ್ಟಿ ಕಟ್ಟುವಾಗ ನನ್ನ ಕೈಯಿಂದ ಗಂಟು ಬೀಳಲಿಲ್ಲ. ಅವರೇ ಎಡಗೈಯಿಂದ ತುದಿ ಹಿಡಿದುಕೊಟ್ಟರು. ಬಾಗಿಲಿನ ಆಚೆ ದನಿ ನಿಂತಿರಲಿಲ್ಲ.

ಆಸ್ಪತ್ರೆಯ ಮ್ಯಾನೇಜರು ಬಂದರು. "ಹಗ್ಗಾ ಹರಕೊಂಡ್ನಂತ? ಹತ್ತ ಮಂದಿ ಬಲ ಬರತೈತ್ರಿ ಇಂಥಾವ್ರಿಗೆ. ಪೊಲೀಸರ ಬರೂತನಕ ಬಾಗಲಾ ತಗೀಬ್ಯಾಡ್ರಿ. ಸರಪಳಿ ಹಾಕಿ ಧಾರವಾಡದ ಹುಚ್ಚರ ದವಾಖಾನಿಗೆ ಕಳಸೂದ."

"ಹನ್ನೊಂದೂಕಾಲರ ಸೂಜಿ?" ಎಂದರು ಸಿಸ್ಟರು.

"ನಿಮ್ಮ ಇನ್ನೊಂದ ಕೈನೂ ಕೊಡ್ತೀರೇನು ಅವಂಗ?"

ಪೊಲೀಸರು ಅಥಣಿಯಿಂದ ಬರಬೇಕಿತ್ತು. ಗಂಟೆಯಾಗಬಹುದು, ಮೂರಾಗಬಹುದು. ಅಷ್ಟರವರೆಗೆ ವಿಷ ಏರಿದ ಮನುಷ್ಯ ಔಷಧವಿಲ್ಲದೆ, ನೋಡುವವರಿಲ್ಲದೆ, ಚಿಲಕ ಹಾಕಿದ ಕೋಣೆಯಲ್ಲಿ ಇರಬೇಕು. ಎದೆಯಲ್ಲಿ ಮತ್ತೆ ನೀರು ತುಂಬಿದರೆ ಅವನು ಸಾಯುತ್ತಾನೆ; ನಮಗೆ ತಿಳಿಯುವುದು ಕೂಗು ನಿಂತಾಗ. ಇದು ನನಗೂ ಗೊತ್ತಿತ್ತು, ಸಿಸ್ಟರಿಗೂ ಗೊತ್ತಿತ್ತು. ಆದರೂ ಮ್ಯಾನೇಜರು ಬಾಗಿಲು ತೆಗೆಯಬೇಡಿ ಎಂದಾಗ ನನಗೆ ಆದದ್ದು ಸಮಾಧಾನ. ಆ ಸಮಾಧಾನದ ನೆನಪು ನನಗೆ ಇಂದಿಗೂ ಹಿತವಾಗಿಲ್ಲ.

ಮ್ಯಾನೇಜರು ದೂರು ಬರೆದು ಸಾಕ್ಷಿಯ ಸಹಿಗಾಗಿ ನನ್ನ ಮುಂದಿಟ್ಟರು. 'ರೋಗಿಯು ಎಲ್ಲರನ್ನೂ ಹೊಡೆಯುತ್ತೇನೆ, ಒಬ್ಬರನ್ನೂ ಬಿಡುವುದಿಲ್ಲ ಎಂದು ಬೆದರಿಕೆ ಹಾಕುತ್ತಾ, ಕಟ್ಟಿದ ಹಗ್ಗವನ್ನು ಹರಿದುಕೊಂಡು' ಎಂದು ಆರಂಭವಾಗಿತ್ತು. ನಾನು ಪೆನ್ನು ತೆಗೆದುಕೊಂಡೆ. ಬೇರೆಯವರು ಬರೆದದ್ದನ್ನು ಎರಡು ಸಲ ಓದದೆ ಸಹಿ ಮಾಡುವ ಅಭ್ಯಾಸ ನನಗಿಲ್ಲ. ಎರಡನೆಯ ಓದಿನಲ್ಲಿ ಏನೋ ಕಿವಿಗೆ ತಾಗಿತು.

"ಒಬ್ಬರನ್ನೂ ಅಂದಿಲ್ರಿ ಅಂವ," ಎಂದೆ. "ಒಂದೂ ಅಂದಾನ."

"ಏನ್ರಿ ಪಂಡಿತ್ರ, ಇದರಾಗೂ ವ್ಯಾಕರಣಾ ತಗೀತೀರೇನು? ಹೊಡಸ್ಕೊಳ್ಳಾವ್ರಿಗೆ ಒಂದಾದರೇನು, ಒಬ್ಬರಾದರೇನು?"

ಬಾಗಿಲಿಗೆ ಕಿವಿಯಿಟ್ಟೆ. ಒಳಗಿನ ದನಿ ಒಣಗಿ ಬಿರಿದಿತ್ತು. "...ಹೊಡದ ಮುಗಸ್ತೇನಿ. ಒಂದೂ ಬಿಡೂದಿಲ್ಲ. ಗಾಳಿ ತಿರಗೇತಿ, ಲಗೂನ ಹೊಡೀಬೇಕು..."

ಗಾಳಿ ತಿರುಗಿದರೆ ಮನುಷ್ಯರನ್ನು ಹೊಡೆಯುವುದಕ್ಕೇನು ಅಡ್ಡಿ?

ವರಾಂಡದಲ್ಲಿ ಅವನ ಹೆಂಡತಿ ಬುತ್ತಿಯ ಗಂಟು ಹಿಡಿದು ಕುಳಿತಿದ್ದಳು. ಗಡಿಯಾಚೆಯಿಂದ ಮದುವೆಯಾಗಿ ಬಂದವಳು. ಗಂಡನನ್ನು ಮರಾಠಿಯಲ್ಲಿ 'ಅಹೋ' ಎಂದೇ ಕರೆಯುತ್ತಿದ್ದಳು. "ಏನ ಹೊಡೀತೇನಿ ಅನ್ನಾಕತ್ತಾನವಾ ನಿನ್ನ ಗಂಡ?" ಎಂದು ಕೇಳಿದೆ.

"ಔಷಧಾರೀ," ಎಂದಳು, ಇದೂ ಒಂದು ಕೇಳುವ ಮಾತೇ ಎಂಬಂತೆ. "ಬಳ್ಳಿ ಹನ್ನೆರಡ ಸಾಲು ಉಳದಾವು ತೋಟದಾಗ. ಬೆಳಗಿಂದ ಅದನ್ನ ಹೊಡ್ಯಾಕತ್ತಾರು, ಬಳ್ಳಿ ಕಟ್ಟಾಕತ್ತಾರು."

"ಮೊದಲ ಯಾಕ ಹೇಳಲಿಲ್ಲ ತಂಗೀ?"

"ಯಾರ ಕೇಳಿದ್ರಿ ನನ್ನ? ಹೊರಗ ಕುಂಡ್ರು ಅಂದ್ರಿ, ಕುಂತೇನಿ." ಬಳಿಕ ನನ್ನನ್ನು ನೋಡಿ, "ಆ ಕೈ ಕಟ್ಟಿದವ್ರು ಯಾರ್ರಿ ಅಣ್ಣಾರ?" ಎಂದಳು.

"ನಾನ."

"ಕಿಡಕ್ಯಾಗಿಂದ ನೋಡಿದ್ನಿ. ಎತ್ತಿಗೆ ಹಾಕೂ ಜಾರಗುಣಿಕಿ ಹಾಕೀರಿ. ದಿನಾ ನಸುಕಿನ್ಯಾಗ ಅದನ್ನ ಬಿಚ್ಚಾವ್ರ ಅವ್ರು. ನಿದ್ದಿಗಣ್ಣಾಗೂ ಬಿಚ್ಚತಾರು."

ಕಿಟಕಿಯ ಬಳಿಗೆ ಹೋಗಿ ನೋಡಿದೆ. ಬ್ಯಾಂಡೇಜು ಮಂಚದ ಸರಳಿನಿಂದ ಅಖಂಡವಾಗಿ ಇಳಿಬಿದ್ದಿತ್ತು. ಹತ್ತು ಮಂದಿಯ ಬಲವೇನೂ ಬೇಕಾಗಿರಲಿಲ್ಲ. ತುದಿ ಹಿಡಿದೆಳೆದರೆ ಬಿಚ್ಚುವ ಗಂಟನ್ನು, ಅದನ್ನು ಬಲ್ಲವನ ಕೈಗೇ ನಾನು ಹಾಕಿದ್ದೆ. ರೈತನ ಮಗನಾದ ನನಗೆ ಕಟ್ಟಿಹಾಕಲು ಬರುತ್ತಿದ್ದುದೂ ಅದೊಂದೇ ಗಂಟು. ಅವನು ಆಗಲೂ ಸೊಳ್ಳೆಪರದೆಯ ಸರಳನ್ನು ಹಿಡಿದು, ಇಲ್ಲದ ಚಿಗುರನ್ನು ಬಗ್ಗಿಸಿ ಕಟ್ಟುತ್ತಿದ್ದ. ಸಿಸ್ಟರ ಕೈಯನ್ನೂ ಬಗ್ಗಿಸಿದ್ದು ಹೀಗೆಯೇ.

ಗಾಳಿಯಲ್ಲಿ ಆಡುತ್ತಿದ್ದ ಆ ಬೆರಳುಗಳು ನನಗೆ ಇನ್ನೊಂದನ್ನು ನೆನಪಿಸಿದವು. ಚಿಕ್ಕಂದಿನಲ್ಲಿ ನಮ್ಮ ಓಣಿಯ ಮುದುಕನೊಬ್ಬ ಮದಗುಣಕಿಯ, ಎಂದರೆ ದತ್ತೂರದ, ಬೀಜ ತಿಂದು ದಿನವಿಡೀ ಹೀಗೆಯೇ ಗಾಳಿಯಲ್ಲಿ ನೂಲು ತೆಗೆದಿದ್ದ. ಬಾಯಿ ಒಣಗಿ, ಕಣ್ಣು ಕಪ್ಪಾಗಿ, ಮೈ ಬೆಂಕಿಯಾಗಿ. ಮದಗುಣಕಿಯಲ್ಲಿರುವುದೂ ಅಟ್ರೋಪಿನ್ನಿನ ಜಾತಿಯದೇ ವಿಷ ಎಂದು ಗ್ರಂಥದಲ್ಲಿ ಓದಿದ್ದೆ. ಓದಿದ್ದು ಒಂದು ಕಡೆ, ಕಂಡದ್ದು ಒಂದು ಕಡೆ ಬಿದ್ದಿತ್ತು.

ಸಿಸ್ಟರ ಟೇಬಲಿನ ಮೇಲಿದ್ದ ಹಾಳೆ ತೆಗೆದು ನೋಡಿದೆ. ಒಂಬತ್ತೂಕಾಲಕ್ಕೆ ಪಾಪೆಯ ಅಂಕಣದಲ್ಲಿ 'ಮಧ್ಯಮ' ಎಂದಿತ್ತು. ಅಲ್ಲಿಂದ ಕೆಳಗೆ ಪ್ರತಿ ಸಾಲಿನಲ್ಲಿಯೂ 'ಮೇಲಿನಂತೆ' ಎಂಬ ಅರ್ಥದ ಎರಡು ಪುಟ್ಟ ಗೀಟು. ಬೆವರಿಗೂ ಗೀಟು, ನಾಡಿಗೂ ಗೀಟು. ಸೂಜಿಯ ಅಂಕಣದಲ್ಲಿ ಮಾತ್ರ ಎರಡು, ಎರಡು, ಎರಡು. ಗೀಟುಗಳಲ್ಲಿ ಅರ್ಧ ಸಿಸ್ಟರವು, ಅರ್ಧ ನನ್ನವು. ಪರರ ಮಾತನ್ನು ಪರೀಕ್ಷಿಸದೆ ನಂಬುವವರನ್ನು ಕಂಡರೆ ನಗುತ್ತಿದ್ದ ನಾನು, ಎರಡು ತಾಸು ರೋಗಿಯ ಮೈ ಮುಟ್ಟದೆ ಬರೆದ ನನ್ನದೇ ಗೀಟುಗಳನ್ನು ನಂಬಿ ಔಷಧ ಏರಿಸಿದ್ದೆ. ಹೆದರಿ ಹತ್ತಿರ ಹೋಗಲಿಲ್ಲ, ಹೋಗದ್ದರಿಂದ ನೋಡಲಿಲ್ಲ, ನೋಡದ್ದರಿಂದ ಕೊಡುತ್ತಲೇ ಹೋದೆವು, ಕೊಟ್ಟಷ್ಟೂ ಅವನು ಕೆರಳಿದ, ನಾವು ಮತ್ತಷ್ಟು ಹೆದರಿದೆವು.

ಇದು ನನ್ನ ಊಹೆ ಮಾತ್ರವಾಗಿತ್ತು. ಊಹೆ ತಪ್ಪಾಗಿ ಸೂಜಿ ನಿಲ್ಲಿಸಿದರೆ ಅವನು ಮುಳುಗುತ್ತಾನೆ. ಸರಿಯಾಗಿದ್ದು ಇನ್ನೆರಡು ಕೊಟ್ಟರೆ ಅವನ ಗುಂಡಿಗೆ ತಡೆಯದು. ತಿಳಿಯುವ ದಾರಿ ಒಂದೇ: ಒಳಗೆ ಹೋಗಿ ಕಣ್ಣು, ಕಂಕುಳು, ನಾಡಿ ನೋಡಬೇಕು. ಅದಕ್ಕೆ ಏಳು ಹೆಜ್ಜೆ.

"ನೀವ ಬರ್ತೀಯೇನವಾ ನನ್ನ ಕೂಡ?" ಎಂದು ಅವನ ಹೆಂಡತಿಯನ್ನು ಕೇಳಿದೆ. ಹೆದರಿಕೆಯಲ್ಲಿ ಏಕವಚನವೂ ಬಹುವಚನವೂ ಕಲಸಿಹೋಗಿದ್ದವು. ಆಕೆ ಆಗಲೇ ಎದ್ದಿದ್ದಳು.

"ಏನಾರ ಆದ್ರ ನನ್ನ ಹೆಸರ ತಗೀಬ್ಯಾಡ್ರಿ," ಎಂದು ಮ್ಯಾನೇಜರು ದೂರಿನ ಹಾಳೆ ಮಡಚಿಕೊಂಡರು.

ಕನ್ನಡಕ ತೆಗೆದು ಜೇಬಿಗೆ ಹಾಕಿದೆ. ಒಡೆದರೆ ಗಾಜು ಕಣ್ಣಿಗೆ ಹೋಗುತ್ತದೆಂದು. ಕತ್ತರಿ, ಟ್ರೇ, ಆ ಮರದ ಪಟ್ಟಿ ಎಲ್ಲವನ್ನೂ ಸಿಸ್ಟರು ಹೊರಗೆ ಇಡಿಸಿಕೊಂಡರು. ಬಾಗಿಲನ್ನು ಪೂರ್ತಿ ತೆರೆದು, ಮುಚ್ಚದಂತೆ ಸ್ಟೂಲು ಒತ್ತಿಟ್ಟೆ. ಹೆಂಡತಿ ಮುಂದೆ, ನಾನು ಹಿಂದೆ. ಗಂಡಸಾಗಿ ಮುಂದೆ ನಿಲ್ಲಬೇಕಿತ್ತು ಎಂದು ಆಮೇಲೆ ಕೆಲವರು ಆಡಿಕೊಂಡರು. ನನ್ನ ಕಾಲು ಮುಂದೆ ಹೋಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಿನ ವಿವರಣೆ ನನ್ನಲ್ಲಿಲ್ಲ.

"ಅಹೋ," ಎಂದಳು. "ಪಂಪ್ ಖಾಲಿ ಆಗೇತಿ. ಇಳಸ್ರಿ ಕೆಳಗ."

ಅವನು ನಮ್ಮತ್ತ ತಿರುಗಿದ. "ಸಾಲು ಉಳದಾವಲಾ?" ಎಂದ.

"ಇರ್ಲಿ. ಔಷಧ ತೀರೇತಿ. ಬುತ್ತಿ ತಂದೇನಿ, ಕುಂಡ್ರಿ."

ಅವನು ಬೆನ್ನಿನಿಂದ ಇಲ್ಲದ ಪಟ್ಟಿಗಳನ್ನು ಒಂದೊಂದಾಗಿ ತೆಗೆದು, ಇಲ್ಲದ ಪಂಪನ್ನು ಜೋಪಾನವಾಗಿ ನೆಲಕ್ಕಿಳಿಸಿ, ಮಂಚದ ಅಂಚಿನಲ್ಲಿ ಕುಳಿತ. ಆಕೆ ಅವನ ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಹಿಡಿದುಕೊಂಡಳು. ನಾನು ಎದುರಿನಿಂದ ಹೋಗದೆ ಪಕ್ಕದಿಂದ ಹೋದೆ. "ದಾದಾ, ನಾ ಕಂಪೌಂಡರ್. ಕೈ ಮುಟ್ಟತೇನಿ," ಎಂದು ಹೇಳಿ ಮುಟ್ಟಿದೆ. ಹೇಳದೆ ಏನನ್ನೂ ಮಾಡಲಿಲ್ಲ. ಪಾಪೆ ಕಣ್ಣಿನ ಬಣ್ಣವನ್ನೆಲ್ಲ ನುಂಗಿತ್ತು. ಕಂಕುಳು ಒಲೆಯ ಬಾಯಿಯಂತೆ ಬಿಸಿ, ಹನಿ ಬೆವರಿಲ್ಲ. ನಾಲಗೆ ಮರದ ತೊಗಟೆ. ನಾಡಿ ನೂರನಲವತ್ತರ ಆಚೆ ನನ್ನ ಎಣಿಕೆಗೆ ಸಿಗಲಿಲ್ಲ. ಎದೆಗೆ ಕಿವಿಯಿಟ್ಟೆ. ಕಿವಿಯಿಡುವುದೆಂದರೆ ನನ್ನ ಕುತ್ತಿಗೆಯನ್ನು ಅವನ ಕೈಯ ಅಳತೆಗೆ ಕೊಡುವುದು. ಎದೆಯೊಳಗೆ ನೀರಿನ ಸದ್ದಿರಲಿಲ್ಲ.

ಬಾಗಿಲಲ್ಲಿ ಸಿಸ್ಟರು ಎಡಗೈಯಲ್ಲಿ ಸಿರಿಂಜ್ ಹಿಡಿದು ನಿಂತಿದ್ದರು. "ಕೊಡೂದೇನ್ರಿ ಕಾಕಾ? ಸಾಹೇಬ್ರು ಬರದ ಹೋಗ್ಯಾರು."

"ನೋಡಿ ಕೊಡ್ರಿ ಅಂತ ಬರದಾರು. ನೋಡೇನಿ. ಕೊಡೂದ ಬ್ಯಾಡ."

ನಾನು ಬರಿಯ ಡ್ರೆಸ್ಸರ್. ತಪ್ಪಾದರೆ ಕೆಲಸ ಹೋಗುವುದು ಸಿಸ್ಟರದು. ಅವರು ಸಿರಿಂಜನ್ನು ತಟ್ಟೆಯಲ್ಲಿಟ್ಟು, ಒಳಗೆ ಬಂದು ತಾವೇ ಪಾಪೆ ನೋಡಿ, ಹಾಳೆಯ ಹೊಸ ಸಾಲಿನಲ್ಲಿ ಎಡಗೈಯ ಸೊಟ್ಟ ಅಕ್ಷರದಲ್ಲಿ ಮೂರೂ ಅಂಕಣ ತುಂಬಿ, ಸೂಜಿಯ ಅಂಕಣದಲ್ಲಿ ಸೊನ್ನೆ ಬರೆದರು.

ಅಲ್ಲಿಂದ ಐದೈದು ನಿಮಿಷಕ್ಕೊಮ್ಮೆ ನೋಡಿದೆವು. ಒದ್ದೆ ಬಟ್ಟೆಯಿಂದ ಮೈ ಒರೆಸಿದೆವು. ಪ್ರತಿ ಸಲ ಕಿವಿಯಿಡುವಾಗಲೂ ಎರಡು ಭಯ: ಅವನು ಹಿಡಿದಾನೆಂಬುದು ಒಂದು, ಗುಳುಗುಳು ಕೇಳಿಸೀತೆಂಬುದು ಇನ್ನೊಂದು. ಗೊತ್ತಾದರೆ ಭಯ ಹೋಗುತ್ತದೆ ಎನ್ನುತ್ತಾರೆ. ನನ್ನ ಭಯ ಹೋಗಲಿಲ್ಲ. ಒಂದೂವರೆಯ ಹೊತ್ತಿಗೆ ಅವನು ಸಾಲು ಕಟ್ಟುವುದನ್ನು ನಿಲ್ಲಿಸಿ ಹೆಂಡತಿಯ ತೊಡೆಯ ಮೇಲೆ ಮಲಗಿದ. ಎರಡೂವರೆಗೆ ಬಂದ ಇಬ್ಬರು ಪೊಲೀಸರು ಕಿಟಕಿಯಿಂದ ನೋಡಿ, "ಯಾರ್ರೀ ಆ ಹುಚ್ಚ? ಇಲ್ಲೊಬ್ಬ ಮಲಕೊಂಡಾನಲ್ಲ?" ಎಂದು ಚಹಾ ಕುಡಿದು ಹೋದರು. ಸಹಿಯಿಲ್ಲದ ದೂರು ಮ್ಯಾನೇಜರ ಜೇಬಿನಲ್ಲೇ ಉಳಿಯಿತು.

ನಾಲ್ಕರ ಬಸ್ಸಿಗೆ ಬಂದ ಡಾಕ್ಟರು ಮೊದಲು ಸೊನ್ನೆಗಳನ್ನು ನೋಡಿದರು. "ನಿಲ್ಲಸಾಕ ನೀವ್ಯಾರ್ರಿ?" ಎಂದು ನನ್ನ ಮೇಲೆ ಕೂಗಿದರು. ಬಳಿಕ ರೋಗಿಯ ರೆಪ್ಪೆ ಎತ್ತಿದರು. ಎದೆ ಕೇಳಿದರು. ಹಾಳೆಯಲ್ಲಿ ಸೊನ್ನೆಗಳ ಮೇಲಿದ್ದ ಗೀಟುಗಳನ್ನು ಬೆರಳಿನಿಂದ ಒಂದೊಂದಾಗಿ ಇಳಿಯುತ್ತ ಬಂದರು. ತಾಸಿಗೊಮ್ಮೆ ಅರ್ಧ ಆಂಪೂಲು ಎಂದು ಬರೆದು, ಅಂದಿನಿಂದ ನಮ್ಮ ಆಸ್ಪತ್ರೆಯಲ್ಲಿ ಗೀಟು ಹಾಕುವುದನ್ನು ನಿಷೇಧಿಸಿದರು. ಕೆರಳಿದ ರೋಗಿಯ ಬಳಿಗೆ ಇಬ್ಬರು ಹೋಗಬೇಕು, ಅವರಲ್ಲಿ ಒಬ್ಬರು ಅವನ ಮನೆಯವರಾಗಿರಬೇಕು, ಬಾಗಿಲು ತೆರೆದೇ ಇರಬೇಕು, ತಾವು ಯಾರೆಂದು ಹೇಳಿಯೇ ಮುಟ್ಟಬೇಕು ಎಂಬ ನಿಯಮವನ್ನು ಸಿಸ್ಟರೂ ನಾನೂ ಬರೆದು ಗೋಡೆಗೆ ಹಚ್ಚಿದೆವು. ಆ ನಿಯಮ ಬಂದಮೇಲೆ ಒಳಗೆ ಹೋದವರಿಗೆಲ್ಲ ಕ್ಷೇಮವಾಯಿತೆಂದು ನಾನು ಹೇಳಲಾರೆ. ನಾವು ನೋಡದೆ ಔಷಧ ಕೊಡುವುದು ನಿಂತಿತು.

ಮರದ ಪಟ್ಟಿಯ ವಿಷಯ ಯಾರೂ ಕೇಳಲಿಲ್ಲ. ಸಿಸ್ಟರು ಹೇಳಲಿಲ್ಲ, ನಾನು ಹೇಳಲಿಲ್ಲ.

ಆರನೆಯ ದಿನ ಅವನನ್ನು ಮನೆಗೆ ಕಳಿಸುವಾಗ, ಹೊಸ ಅಂಗಿಯ ತೋಳಿಗೆ ಕೈ ತೂರಿಸಲಾರದೆ ನಿಂತ. ಏನಾಗಿತ್ತೆಂಬ ನೆನಪು ಅವನಿಗೆ ಸ್ವಲ್ಪವೂ ಇರಲಿಲ್ಲ. "ಈ ಭುಜಾ ಯಾಕ ಹಿಡಕೊಂಡೈತಿ ತಿಳೀವಲ್ದರಿ," ಎಂದ. "ಪಂಪ್ ಹೊತ್ತ ಹೊತ್ತ ಇರಬೇಕು."

ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ತೂಗಿಕೊಂಡಿದ್ದ ಸಿಸ್ಟರು ನನ್ನನ್ನು ನೋಡಿದರು. ಬಾಗಿಲು ನನ್ನ ಹಿಂದೆ ತೆರೆದಿತ್ತು.

"ನಾ ಹೊಡದೇನ್ರಿ," ಎಂದೆ.

ಅವನು ನನ್ನ ಬಿಳಿ ಅಂಗಿಯನ್ನೂ ಪಟ್ಟಿ ಸುತ್ತಿದ ಹೆಬ್ಬೆರಳನ್ನೂ ಅನುಮಾನದಿಂದ ನೋಡಿದ. ತೋಟ ಮಾಡುವ ಮನುಷ್ಯನಂತೆ ನಾನು ಅವನಿಗೆ ಕಾಣಲಿಲ್ಲವೆಂದು ತೋರುತ್ತದೆ.

"ನೀವು ಹೊಡದ್ರಿ?" ಎಂದ. "ಯಾವ ಔಷಧಾರೀ?"